ಸೈಕಲ್ಲಿಗೆ ಕಟ್ಟಿದ ನಿಂಬೆಹಣ್ಣು

ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಸೈಕಲ್ಲಿನಿಂದ ಬಿದ್ದು ಕಾಲು ಮುರಿದುಕೊಂಡಿದ್ದ ಸೊಸೆ ಸುಗುಣ ಅಂತೂ ಎದ್ದು ಓಡಾಡಿದಳು. ಹರಕೆ ಫಲಿಸಿತೆಂದು ಅತ್ತೆ ಸೈಕಲ್ಲಿಗೆ ಅರಿಶಿನ ಕುಂಕುಮ ಹಚ್ಚಿ, ಹ್ಯಾಂಡಲ್ಲಿಗೆ ನಿಂಬೆಹಣ್ಣು ಕಟ್ಟಿದಳು. ಸವೆದ ಬ್ರೇಕ್ ರಬ್ಬರನ್ನು ಮಾತ್ರ ಯಾರೂ ಬದಲಿಸಲಿಲ್ಲ.

ಮೂಲೆಯಲ್ಲಿದ್ದ ಊರುಗೋಲಿಗೆ ಮೈಯೆಲ್ಲ ಉರಿಯಿತು. "ಏನಯ್ಯಾ ನಿಂಬೆಹಣ್ಣೇ, ಇಳಿಜಾರಿನಲ್ಲಿ ಚಕ್ರ ಹಿಡಿದು ನಿಲ್ಲಿಸುತ್ತೀಯಾ?"

"ನನ್ನದು ದೃಷ್ಟಿ ತೆಗೆಯುವ ಕೆಲಸ. ಚಕ್ರದ ಗೊಡವೆ ನನಗೇಕೆ?"

"ಅವಳು ಮತ್ತೆ ಬಿದ್ದರೆ?"

"ಅವಳ ಭಕ್ತಿ ಸಾಲದು ಅಂತಾರೆ. ನನ್ನನ್ನು ಯಾರು ಬೈತಾರೆ? ಹೊಸ ಹಣ್ಣು ತಂದು ಕಟ್ಟುತ್ತಾರೆ, ಅಷ್ಟೇ."

ಸುಗುಣ ದೇವರಿಗೆ ಕೈಮುಗಿದು, ಕೆಲಸಕ್ಕೆಂದು ಸೈಕಲ್ ಹತ್ತಿ ಹೊರಟಳು. ಅತ್ತೆ ಊರುಗೋಲನ್ನು ಅಟ್ಟಕ್ಕೆ ಹಾಕಲು ಎತ್ತಿಕೊಂಡಳು.

"ಬಾಗಿಲ ಹತ್ತಿರವೇ ಇಡಮ್ಮಾ," ಎಂದಿತು ಅದು. "ಸಂಜೆಗೆ ಬೇಕಾಗುತ್ತೆ."