ಕೌದಿಯ ಮೂಲೆ

ಕಳಕಪ್ಪ ಹೆಂಡತಿ ಮಗುವನ್ನು ಬಿಟ್ಟು ಹೊಳೆದಂಡೆಯ ಮಠ ಸೇರಿ ಮೂರು ತಿಂಗಳಾಗಿತ್ತು. ಅವನಂಥ ಶಿಷ್ಯ ಆ ಮಠಕ್ಕೆ ಹಿಂದೆ ಬಂದಿರಲಿಲ್ಲ, ಮುಂದೆ ಬರುವುದೂ ಇಲ್ಲ. ಹಾಗಂತ ಅವನೇ ಹೇಳಿಕೊಂಡು ತಿರುಗುತ್ತಿದ್ದ.

ಅಂದು ಬೆಳಿಗ್ಗೆ ದೀಕ್ಷೆ. ಮನೆಯಿಂದ ತಂದದ್ದನ್ನೆಲ್ಲ ಹೊಳೆಗೆ ಬಿಟ್ಟು ಬರಿಗೈಲಿ ಗುರುವಿನೆದುರು ನಿಲ್ಲುವುದು ಆ ಮಠದ ಕಟ್ಟಳೆ.

ಅವನ ಹತ್ತಿರ ಉಳಿದದ್ದು ಒಂದು ಕೌದಿ. ಹಳೆಯ ಬಟ್ಟೆಯ ತುಂಡು ಕೂಡಿಸಿ ಹೆಂಡತಿ ಶಂಕ್ರವ್ವ ಹೊಲಿದದ್ದು. ಅವನು ಹೊರಟ ದಿನ ಆಕೆ ಅಳಲಿಲ್ಲ, ಬೈಯಲಿಲ್ಲ. ಅದನ್ನು ಮಡಚಿ ಅವನ ಹೆಗಲಿಗೆ ಹಾಕಿದ್ದಳು, ಅಷ್ಟೆ.

ಮೊಣಕಾಲುದ್ದ ನೀರಿನಲ್ಲಿ ನಿಂತು ಕಳಕಪ್ಪ ಕೂಗಿದ.

“ಬಿಡ್ಲೇನ್ರಿ ಅಜ್ಜಾರ? ಇದೊಂದು ಹೋದ್ರ ಸಂಸಾರದ್ದು ಒಂದೆಳಿ ಸೈತ ಉಳಿಯಂಗಿಲ್ಲ ನೋಡ್ರಿ!”

ದಂಡೆಯ ಮೇಲೆ ಕೂತಿದ್ದ ಗುರು, ಎಲ್ಲರ ಬಾಯಲ್ಲಿ ಅಜ್ಜಾರು, ಕೇಳಿದರು, “ಬೆಚ್ಚಗಿತ್ತೇನೋ?”

“ಬೆಚ್ಚಗೇನೋ ಇತ್ರಿ. ಆದ್ರ ಈ ಮೂಲ್ಯಾಗ ಏನೋ ಗಂಟು. ದಿನಾ ಕಿವಿಗೆ ಚುಚ್ಚತೈತಿ.”

“ಮೂರು ತಿಂಗಳು ಚುಚ್ಚಿಸ್ಕೊಂಡಿ. ಏನಂತ ನೋಡಲಿಲ್ಲ?”

“ಚಿಂದಿಯೊಳಗ ನೋಡೂದೇನ್ರಿ?”

“ಬಿಚ್ಚು.”

ಕಳಕಪ್ಪ ಹಲ್ಲಿನಿಂದ ದಾರ ಕಡಿದ. ಅಂಗೈಗೆ ಬಿದ್ದದ್ದು ಒಣಗಿದ ರೊಟ್ಟಿಯ ತುಂಡು.

“ಇಲಿಗೆ ಇಟ್ಟಾಳೇನ್ರಿ?” ಅವನು ನಕ್ಕ.

ಅಜ್ಜಾರು ನಗಲಿಲ್ಲ.

“ನಮ್ಮವ್ವನೂ ಇಡತಿದ್ಲು. ಕಡೀ ಮೂಲಿ ಮುಚ್ಚೂ ಮುಂದ ಒಂದು ರೊಟ್ಟಿ ತುಂಡು. ಹೊದ್ದವರು ಎಲ್ಲೇ ಇರಲಿ, ಹಸಕೊಂಡು ಮಲಗಬಾರದು ಅಂತ. ಹುಟ್ಟಿದಾಗಿಂದ ಕೌದಿ ಹೊದ್ದಿ, ಒಬ್ಬರನ್ನರ ಕೇಳಲಿಲ್ಲೇನೋ?”

ಕಳಕಪ್ಪ ಮೊದಲ ಸಲ ಆ ಕೌದಿಯನ್ನು ನೋಡಿದ. ಹಸಿರು ತುಂಡು ಅವಳ ಮದುವೆಯ ಸೀರೆಯದು. ಪಕ್ಕದ ಹಳದಿ, ಮಗುವಿನ ಕುಲಾವಿ. ನಡುವೆ ಅವನದೇ ಹರಿದ ಅಂಗಿ. ಅದು ಮತ್ತೆ ಹರಿಯದಂತೆ ಹೊಲಿಗೆ ಅಲ್ಲಿ ಒತ್ತೊತ್ತಾಗಿತ್ತು.

ನೀರು ಕೌದಿಯ ತುದಿಯನ್ನು ಎಳೆಯಿತು. ಅವನು ಎರಡೂ ಕೈಯಿಂದ ಎದೆಗೆ ಅವಚಿಕೊಂಡ.

“ಕೈ ಬರವಲ್ದು ಅಜ್ಜಾರ... ನನಗಿನ್ನ ದೀಕ್ಷಾ ಇಲ್ಲೇನ್ರಿ?”

ಅಜ್ಜಾರು ತಮ್ಮ ರುಮಾಲಿಗೆ ಸಿಕ್ಕಿಸಿದ್ದ ಸೂಜಿದಾರ ತೆಗೆದು ಕೊಟ್ಟರು. “ಆ ಮೂಲಿ ಹೊಲಿ.”

ದಂಡೆಗೆ ಬಂದು ಕೂತ ಕಳಕಪ್ಪ ಎರಡು ಸಲ ಬೆರಳಿಗೇ ಚುಚ್ಚಿಕೊಂಡ.

“ನನಗ ಬರೂದಿಲ್ರಿ.”

ಮೂರು ತಿಂಗಳಲ್ಲಿ ಆ ಮಾತು ಅವನ ಬಾಯಿಂದ ಬಂದದ್ದು ಅದೇ ಮೊದಲು.

“ಹಂಗಾರ ದೀಕ್ಷಾ ಇಲ್ಲಿಂದ ಶುರು,” ಎಂದರು ಅಜ್ಜಾರು. “ಹೊಲಿಯಾಕ ಬರೂವಾಕಿ ಹಂತ್ಯಾಕ ಮನಿಗೆ ಹೋಗಿ ಕಲಿ. ಒಳಗಿಡೂ ರೊಟ್ಟಿ ಈ ಸಲ ನೀನ ಬಡಿ.”