ಹಿಗ್ಗಿದರೂ ತೆಳುವಾಗದ್ದು

"ಕೇಳಿರಪ್ಪೋ ಕೇಳಿ! ರಾಜಕುಮಾರಿ ಬೊಮ್ಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳ ಜೊತೆ ಮದುವೆ, ಮೇಲೆ ಅರ್ಧ ರಾಜ್ಯ. ತಪ್ಪಿದವನ ತಲೆ ಉಳಿಯುವುದಿಲ್ಲ!" ಎಂದು ಊರೂರಲ್ಲಿ ಡಂಗುರ ಸಾರಿದರು.

ಬೊಮ್ಮಲೆಗೆ ಮದುವೆಯ ಆಸೆ ಎಳ್ಳಷ್ಟೂ ಇರಲಿಲ್ಲ. ಅವಳದೇ ಅಚ್ಚಿನ ಅವಳಿ ತಂಗಿ ಸೋವಲೆ ವರ್ಷದ ಹಿಂದೆ ತೀರಿಹೋಗಿದ್ದಳು. ಇಬ್ಬರಿಗೂ ಒಂದೇ ದಿನ ಜ್ವರ, ಒಂದೇ ಕಷಾಯ. ಇವಳು ಉಳಿದಳು, ಅವಳು ಹೋದಳು. ಯಾಕೆ? ಯಾರೂ ಹೇಳಲಿಲ್ಲ. ಆಕಾಶದ ಗುಟ್ಟು ಬಲ್ಲ ಅರಮನೆಯ ಜೋಯಿಸರನ್ನು ಕೇಳಿದರೆ, ಅವರು ಹೇಳುವುದು ಅವರಿಗೊಬ್ಬರಿಗೇ ಅರ್ಥವಾಗುತ್ತಿತ್ತು. ಅವರ ಮಾತನ್ನೇ ಅವಳು ಒಗಟು ಮಾಡಿದಳು. ಬಿಡಿಸುವವನು ಸಿಕ್ಕರೆ ತನ್ನ 'ಯಾಕೆ'ಗೂ ಉತ್ತರ ಸಿಕ್ಕೀತು ಎಂಬ ಹುಚ್ಚು ಆಸೆ. ದುಃಖ ಮನುಷ್ಯರನ್ನು ಹೀಗೂ ಕೆಡಿಸುತ್ತದೆ.

"ಚುಕ್ಕಿಗಳ ಗುಂಪುಗಳೆಲ್ಲ ಒಂದರಿಂದೊಂದು ದೂರವಾಗುತ್ತಿವೆ. ಯಾವುದೂ ಹೆಜ್ಜೆ ಕಿತ್ತಿಲ್ಲ. ಹೇಗೆ?" ಎಂದು ಕೇಳಿದಳು.

"ಗಾಳಿ ದೂಡಿ," ಎಂದ ಸಾಮಂತನ ಮಗ. ತಲೆ ಹೋಯಿತು. "ಮುನಿಸಿಕೊಂಡು," ಎಂದ ವಜ್ರದ ವ್ಯಾಪಾರಿಯ ಮಗ. ಅವನದೂ ಹೋಯಿತು.

ಆಮೇಲೆ ಬಂದವನು ಅಡುಗೆಮನೆಯಲ್ಲಿ ಉದ್ದು ರುಬ್ಬುವ ಕೆಂಚ. ಮೊಣಕೈವರೆಗೂ ಹಿಟ್ಟು.

"ಹುದುಗು ಬಂತಾ ಅಂತ ನೋಡಕ್ಕೆ ಹಿಟ್ಟಿನ ಮೇಲೆ ನಾಲ್ಕು ಮೆಂತ್ಯೆಕಾಳು ಇಡ್ತೀವಿ ಅಮ್ಮಣ್ಣಿ. ಕಾಳು ಕೂತಲ್ಲೇ ಕೂತಿರ್ತವೆ. ಹಿಟ್ಟು ಉಬ್ಬಿ ನಡುವಿನ ಜಾಗಾನೇ ಹಿಗ್ಗುತ್ತೆ. ಆಕಾಶಾನೂ ಹಂಗೇ."

ಜೋಯಿಸರು ಬೆರಗಾಗಿ ತಲೆಯಾಡಿಸಿದರು.

"ಜಗತ್ತು ಹುಟ್ಟಿದಾಗ ಎಲ್ಲ ಕಡೆಯೂ ಸಮ. ಆ ಸಮ ಮುರಿದು ಜಗತ್ತು ಒಂದು ಕಡೆ ವಾಲಿತು. ಆ ಕಡೆಗೇ ಯಾಕೆ?" ಬೊಮ್ಮಲೆ ಎರಡನೆಯದನ್ನು ಕೇಳಿದಳು.

ಕೆಂಚ ಕಾವಲುಗಾರನ ಕೋಲು ಇಸಿದುಕೊಂಡು ನೆಟ್ಟಗೆ ನಿಲ್ಲಿಸಿ ಕೈಬಿಟ್ಟ. ಕೋಲು ಬಿತ್ತು. "ನಿಂತೇ ಇರಕ್ಕಾಗಲ್ಲ, ಎಲ್ಲೋ ಒಂದ್ಕಡೆ ಬೀಳಲೇಬೇಕು. ಈ ಕಡೆಗೇ ಯಾಕೆ ಅಂದ್ರೆ ಕಾರಣ ಇಲ್ಲ ಅಮ್ಮಣ್ಣಿ. ಉಳಿದವರ ತಪ್ಪಂತೂ ಅಲ್ಲ."

ಅವಳು ವರ್ಷವಿಡೀ ಕಾದ ಉತ್ತರ ಇಷ್ಟೇ ಆಗಿತ್ತು. ಕಷ್ಟಪಟ್ಟು ಮೂರನೆಯದನ್ನು ಕೇಳಿದಳು. "ಎಷ್ಟು ಹಿಗ್ಗಿದರೂ ತೆಳುವಾಗದೆ ಎಲ್ಲವನ್ನೂ ದೂರ ದೂಡುವುದು ಯಾವುದು?"

"ಬಯಲು. ಹಿಟ್ಟು ಹಿಗ್ಗಿದರೆ ಹಗುರಾಗುತ್ತೆ, ಬಯಲು ಹಂಗಾಗಲ್ಲ. ಏನೂ ಇಲ್ಲದ ಜಾಗಕ್ಕೇ ಕಾಣದ ಕಸುವೊಂದಿದೆ. ಜಾಗ ಹೆಚ್ಚಿದಷ್ಟೂ ಅದೂ ಹೆಚ್ಚುತ್ತೆ. ಒಬ್ಬರು ಹೋದ ಮನೇಲೂ ಹಂಗೇ ಅಲ್ವಾ?"

ಬೊಮ್ಮಲೆ ತುಂಬಿದ ಸಭೆಯಲ್ಲಿ ಅತ್ತುಬಿಟ್ಟಳು.

"ಅರ್ಧ ರಾಜ್ಯ ನಿನ್ನದು, ಮಗಳೂ ನಿನ್ನವಳು," ಎಂದ ರಾಜ.

"ರಾಜ್ಯ ಬೇಡ ಅನ್ನಲ್ಲ ಒಡೆಯ. ಮದುವೆ ಮಾತು ಆಮೇಲೆ. ತಲೆ ಹೋದ ಇಬ್ಬರ ಮನೇಲೂ ಈಗ ಬಯಲು ಬೆಳೀತಿದೆ. ಅಮ್ಮಣ್ಣಿ ಮೊದಲು ಅಲ್ಲಿಗೆ ಹೋಗಿಬರಲಿ."

ಅವಳು ನಡೆದೇ ಹೋದಳು. ಸಾಮಂತನ ಹೆಂಡತಿ ಬಾಗಿಲು ತೆರೆದವಳೇ, "ನನ್ನ ಮಗ ಯಾಕೆ ಸತ್ತ?" ಎಂದು ಕೇಳಿದಳು.

ಸೋವಲೆಯ ಸಾವಿಗೆ ಕಾರಣವಿರಲಿಲ್ಲ. ಇದಕ್ಕಿತ್ತು.

"ನನ್ನಿಂದ," ಎಂದಳು ಬೊಮ್ಮಲೆ.