ಗವಿಸಿದ್ದ ಸ್ಪ್ಯಾನಿಷ್ ಕಲಿತದ್ದು

ಹೂಂ ಅಂತ ಕೇಳ್ರಿ ಮತ್ತ. ಹೂಂ ಅನ್ನೋರು ಇಲ್ಲದಿದ್ರ ನಾ ಬಾಯಿ ಬಿಡಾಕಿ ಅಲ್ಲ.

ಆನೆಗುಂದಿ ಕಡೆ ಹೊಳಿ ದಂಡಿ ಮ್ಯಾಲ ಒಂದು ಖಾನಾವಳಿ. ಅದನ್ನ ನಡೆಸಾಕಿ ಹುಲಿಗೆಮ್ಮ. ಆಕಿಗೊಬ್ಬನೇ ಮಗ, ಗವಿಸಿದ್ದ. ಮೈ ಏನೋ ಎತ್ತಿನಂಗ ಬೆಳೆದಿತ್ತು, ಬುದ್ಧಿ ಇನ್ನೂ ಹಾಲು ಕುಡಿಯೋ ಕರು. "ಬಾಗಿಲ ಕಡೆ ನೋಡಿಕೋತ ಇರು" ಅಂದ್ರ, ಕಳ್ಳ ಹಿತ್ತಲದಾಗ ಕೋಳಿ ಒಯ್ದರೂ ಬಾಗಿಲನ್ನೇ ನೋಡಿಕೋತ ಇರಾಂವ.

"ಯವ್ವಾ ತಾಯಿ, ಎಂಥಾದನ್ನ ಹಡದೆ!" ಅಂತ ಹುಲಿಗೆಮ್ಮ ಹಣಿ ಹಣಿ ಬಡಕೊಳ್ಳಾಕಿ.

ಚಳಿಗಾಲ ಬಂತಂದ್ರ ಸ್ಪೇನ್ ದೇಶದ ಮಂದಿ ಅಲ್ಲಿಗೆ ಬಂಡೆಗಲ್ಲು ಹತ್ತಾಕ ಬರತಾರ. ಮೆಟ್ಟಲ ಇದ್ದದ್ದು ಬಿಟ್ಟು ಹಲ್ಲಿಯಂಗ ಕಲ್ಲಿಗೆ ಅಂಟಿಕೊಂಡು ಹತ್ತತಾರ. ಅವರ ಹುಚ್ಚು ಅವರಿಗೆ, ನನಗ್ಯಾಕ. ಆ ಗುಂಪಿನ ಯಜಮಾನಿ ಮಾರ್ತಾ ಅಂತ. ಆಕಿ ಗೈಡ್ ಪಂಪಣ್ಣನ ಕೈಲೆ ಹೇಳಿ ಕಳಿಸಿದ್ಲು: "ನಮ್ಮ ಭಾಷಾದಾಗ ನಾಕು ಮಾತಾಡೋರು ಯಾವ ಖಾನಾವಳಿಯಾಗ ಇರ್ತಾರೋ, ಹೋಳಿ ಹುಣ್ಣಿಮಿ ಮಟ ನಮ್ಮೆಲ್ಲರ ಊಟ ಅಲ್ಲೇ."

ಹುಲಿಗೆಮ್ಮನ ಒಲಿ ಒಂದಿನ ಹೊತ್ತಿದ್ರ ಒಂದಿನ ಇಲ್ಲ. ಈ ಊಟ ಸಿಕ್ಕರ ಖಾನಾವಳಿ ಉಳೀತು, ಇಲ್ಲಂದ್ರ ಬಾಗಿಲು ಹಾಕೋದೇ.

"ಪಂಪಣ್ಣಾ, ನಿನ್ನ ಕಾಲು ಬೀಳ್ತೀನಿ, ನನ್ನ ಮಗಗ ಆ ಭಾಷಾ ಕಲಸೋ!"

"ನನಗೆಲ್ಲಿ ಪುರುಸೊತ್ತೈತಿ ಅಕ್ಕಾ? ಮೊಬೈಲಿನಾಗ ಅವರ ಭಾಷಾದ ಹಾಡು ಹಾಕಿ ಕೊಡ್ತೀನಿ. ಏಯ್ ಗವಿಸಿದ್ದ, ಅವರು ಹ್ಯಾಂಗ ಹಾಡ್ತಾರೋ ಹಂಗ ಹೇಳಬೇಕು, ತಿಳೀತಾ?"

"ತಿಳೀತು ಮಾವ, ಹಂಗಾ ಹೇಳ್ತೀನಿ!"

ಆ ಹಾಡು ಹಾಡಾಂವಗ ಯಾರೋ ಹುಡುಗಿ ಕೈಕೊಟ್ಟು ಹೋಗಿದ್ಲು, ಪಾಪ. ಬಿಕ್ಕಿ ಬಿಕ್ಕಿ ಹಾಡ್ತಿದ್ದ. ಗವಿಸಿದ್ದ ಬಿಕ್ಕು ಸಹಿತ ಬಾಯಿಪಾಠ ಮಾಡಿದ. ಮರುದಿನ ಒಬ್ಬ ಸ್ಪೇನಿನ ಮುದುಕ ಬಂದು ಇಡ್ಲಿ ತಿಂದು ಎದ್ದ. ಇವ ಓಡಿ ಹೋಗಿ ಮುದುಕನ ಕಾಲು ತಬ್ಬಿದ.

"ನೋ ಮೆ ದೇಹೆಸ್! ನೋ ಮೆ ದೇಹೆಸ್!" ಅಂದ್ರ, ನನ್ನ ಬಿಟ್ಟು ಹೋಗಬ್ಯಾಡ, ನನ್ನ ಬಿಟ್ಟು ಹೋಗಬ್ಯಾಡ! ಕಣ್ಣಾಗ ಧಾರಾಕಾರ ನೀರು.

ಮುದುಕ ಒಂದು ಚಪ್ಪಲಿ ಅಲ್ಲೇ ಬಿಟ್ಟು ಓಡಿದ.

"ಎಲೋ ಗಾಂಪ! ಊಟಕ್ಕ ಬಂದೋರ ಮುಂದ ಅಳತಾರೇನೋ? ಇನ್ನ ಮ್ಯಾಲ ಏನಾರ ಆಗಲಿ, ನಕ್ಕೋತ ಮಾತಾಡು!"

"ಹೂಂ ಯವ್ವಾ, ನಕ್ಕೋತ ಮಾತಾಡ್ತೀನಿ!"

ಪಂಪಣ್ಣನೂ ತಲಿ ಕೆರಕೊಂಡ. "ಕೋಣನ ಮುಂದ ಕಿನ್ನರಿ ಬಾರಿಸಿದಂಗಾತು. ಹಾಡು ಬ್ಯಾಡೋ ಮಾರಾಯ, ತಗೋ, ವಿಡಿಯೋ ಗೇಮ್ ಆಡು. ಇದು ಪೂರಾ ಸ್ಪ್ಯಾನಿಷಿನಾಗ ಐತಿ. ಯಾವಾಗ ಏನಂತೈತೋ, ಆವಾಗ ಅದನ್ನೇ ಅನ್ನು."

"ಹೂಂ ಮಾವ, ಅದನ್ನೇ ಅಂತೀನಿ!"

ಆ ಗೇಮಿನಾಗ ಒಬ್ಬ ಸಿಪಾಯಿ ಓಡ್ತಾನ, ಜಿಗೀತಾನ, ಬೀಳ್ತಾನ. ಬಿದ್ದಾಗೆಲ್ಲಾ ಗೇಮು "ಆಸ್ ಮುಎರ್ತೋ" ಅಂತೈತಿ. ನೀ ಸತ್ತಿ, ಅಂತ ಅದರ ಅರ್ಥ. ಗವಿಸಿದ್ದನ ಸಿಪಾಯಿ ಹೆಜ್ಜಿಗೊಮ್ಮೆ ಬೀಳಾಂವ, ಹಿಂಗಾಗಿ ಈ ಮಾತು ಭೇಷ್ ಬಾಯಿಗೆ ಹತ್ತಿತು.

ಮುದುಕ ಬಂದ, ಚಪ್ಪಲಿ ಒಯ್ಯಾಕ. ಅಂಗಳದಾಗ ಹುಲಿಗೆಮ್ಮ ಆಗಷ್ಟೇ ಸಗಣಿ ಸಾರಿಸಿದ್ಲು. ಜರ್ ಅಂತ ಜಾರಿ ಧೊಪ್ ಅಂತ ಬಿದ್ದ! ಗವಿಸಿದ್ದ ಓಡಿ ಬಂದು, ಬಗ್ಗಿ, ಹಲ್ಲು ಕಿಸಿದು, "ಆಸ್ ಮುಎರ್ತೋ! ಆಸ್ ಮುಎರ್ತೋ! ಹ್ಹಹ್ಹಹ್ಹಾ!" ಅಂದ.

ಮುದುಕ ಈ ಸಲ ಎರಡೂ ಚಪ್ಪಲಿ ಬಿಟ್ಟು ಓಡಿದ.

"ನಿನ್ನ ಬಾಯಾಗ ಮಣ್ಣ ಹಾಕ! ಬಿದ್ದೋರಿಗೆ ಸತ್ತಿ ಅಂತಾರೇನೋ? ನಾಳೆ ಮಾರ್ತಾ ಬರ್ತಾಳ, ಗುಂಪು ಕರಕೊಂಡು ಬರ್ತಾಳ. ಬಾಗಿಲಾಗ ನಿಂತು 'ಬಿಯೆನ್‌ವೆನೀದೋಸ್' ಅನ್ನು, ಬರ್ರಿ ಬರ್ರಿ ಅಂತ ಅದರ ಅರ್ಥ. ಪಂಪಣ್ಣ ಹೇಳ್ಯಾನ. ಏನಾರ ತಪ್ಪಾತಂದ್ರ ಹಲ್ಲು ಕಿಸೀಬ್ಯಾಡ, ಮತ್ತ ಮೊದಲಿಂದ ಚಂದಾಗಿ ಮಾಡು! ನಮ್ಮ ಅನ್ನ ಹೋಗತೈತೋ ಮಗನ!" ಅಂತ ಆಕಿ ಅತ್ತುಬಿಟ್ಟಳು.

ಇವ ತಾಯಿ ಸೆರಗಿನಲೇ ಆಕಿ ಕಣ್ಣು ಒರಸಿದ. "ಹೂಂ ಯವ್ವಾ, ತಪ್ಪಾದ್ರ ಮೊದಲಿಂದ ಮಾಡ್ತೀನಿ!"

ಮರುದಿನ ಗುಂಪು ಬಂತು. ಪಂಪಣ್ಣನೂ ಬಂದ. ಗವಿಸಿದ್ದ ಬಾಗಿಲಾಗ ನಿಂತು "ಬಿಯೆನ್‌ವೆನೀದೋಸ್!" ಅಂದ. ಮಾರ್ತಾ ಹಿಗ್ಗಿದಳು. ಹುಲಿಗೆಮ್ಮ ಅಡಿಗಿಮನ್ಯಾಗ ಕೈ ಮುಗಿದಳು. ಎಲ್ಲಾರೂ ಕುಂತರು, ರೊಟ್ಟಿ ಬಂತು, ಎಣ್ಣೆಗಾಯಿ ಬಂತು. ಮೊದಲನೇ ತುತ್ತು ಬಾಯಿಗೆ ಇಟ್ಟಿದ್ರೋ ಇಲ್ಲೋ, ಗವಿಸಿದ್ದನ ಸೌಟಿನಿಂದ ಒಂದು ಹನಿ ಸಾರು ನೆಲಕ್ಕ ಬಿತ್ತು.

"ಅಯ್ಯೋ, ತಪ್ಪಾತು!"

ಎಲ್ಲಾ ತಾಟು ಕಸಕೊಂಡ. ಬಾಯಾಗ ಇಟ್ಟ ತುತ್ತು ಉಗುಳಿಸಿದ. ಒಬ್ಬೊಬ್ಬರನ್ನ ರಟ್ಟಿ ಹಿಡಿದು ಎಬ್ಬಿಸಿ ಹೊರಗ ದಬ್ಬಿದ. ಬಾಗಿಲು ಹಾಕಿದ. ಬಾಗಿಲು ತೆಗೆದ.

"ಬಿಯೆನ್‌ವೆನೀದೋಸ್!"

ಇದೂ ಈ ಊರ ಪದ್ಧತಿ ಇರಬೇಕಂತ ಅವರು ಮತ್ತ ಬಂದು ಕುಂತರು. ಮತ್ತ ರೊಟ್ಟಿ, ಮತ್ತ ಎಣ್ಣೆಗಾಯಿ. ಒಂದು ಲೋಟ ಉರುಳಿತು. ಮತ್ತ ಎಲ್ಲಾರೂ ಹೊರಗ!

"ಬಿಯೆನ್‌ವೆನೀದೋಸ್!"

ಮಾರ್ತಾ ಹೊಟ್ಟಿ ಹಿಡಕೊಂಡು ನಗಾಕ ಹತ್ತಿದಳು. ಹುಲಿಗೆಮ್ಮ ಮಾತ್ರ ಲಟ್ಟಣಿಗೆ ಹಿಡಕೊಂಡು ಬಂದು ಮಗನ ಕಿವಿ ಹಿಂಡಿದಳು. "ಸಾಕು ಮಾಡೋ ಕೋಣ! ಊಟ ಮುಗಿಯೋ ಮಟ ಇನ್ನೊಂದು ನರಪಿಳ್ಳೆ ಹೊರಗ ಹೋದ್ರ ನಿನ್ನ ಚರ್ಮ ಸುಲೀತೀನಿ!"

"ಹೂಂ ಯವ್ವಾ, ಊಟ ಮುಗಿಯೋ ಮಟ ಯಾರನ್ನೂ ಹೊರಗ ಬಿಡೂದಿಲ್ಲ!"

ಆಮ್ಯಾಲ ಎಲ್ಲಾ ಸುಸೂತ್ರ. ಮಂದಿ ಬೆರಳು ನೆಕ್ಕಿ ಉಂಡರು. ಮಾರ್ತಾ ಏನೋ ಅಂದಳು, ಪಂಪಣ್ಣ ಕುಣಿದಾಡಿ ಕನ್ನಡದಾಗ ಹೇಳಿದ: "ಅಕ್ಕಾ, ಹೋಳಿ ಹುಣ್ಣಿಮಿ ಮಟ ಇವರ ಊಟ ಇಲ್ಲೇ ಅಂತ!"

ಹುಲಿಗೆಮ್ಮಗ ಮುಗಿಲು ಮೂರೇ ಗೇಣು. ದೇವರಿಗೆ ಕಾಯಿ ಒಡಸಾಕ ಗುಡಿಗೆ ಓಡಿದಳು. ಒಡಿಸಿ, ಪ್ರಸಾದ ಉಡಿಯಾಗ ಕಟ್ಟಿಕೊಂಡು, ಹಾಡಿಕೋತ ವಾಪಸ್ ಬಂದಳು. ಬಂದು ನೋಡಿದ್ರ ಖಾನಾವಳಿ ಬಾಗಿಲಿಗೆ ದೊಡ್ಡ ಬೀಗ! ಒಳಗ ಮಂದಿ ದಬ ದಬ ಬಾಗಿಲು ಬಡೀತಾರ. ಕಿಟಕಿ ಸರಳಿನಾಗ ಪಂಪಣ್ಣನ ಮೂಗು. ಕಟ್ಟಿ ಮ್ಯಾಲ ಗವಿಸಿದ್ದ, ಮೀಸಿ ತಿರುವಿಕೋತ.

"ಇದೇನೋ ಮಾಡಿದಿ ಮೂಳಾ!"

"ಊಟ ಮುಗಿಯೋ ಮಟ ಬಿಡಬ್ಯಾಡ ಅಂದ್ಯಲ್ಲವ್ವಾ? ಹೋಳಿ ಹುಣ್ಣಿಮಿ ಮಟ ಊಟ ಐತಿ ಅಂತ ಅವರೇ ಅಂದಾರ!"

"ಅಯ್ಯೋ ನನ್ನ ದೈವವೇ! ಕೀಲಿ ಎಲ್ಲೈತೋ, ಕೊಡೋ ಕೀಲಿ!"

"ಹೊಳಿಯಾಗ ಒಗದೀನಿ ಯವ್ವಾ. ಹುಣ್ಣಿಮಿ ಮಟ ಅದರ ಕೆಲಸೇನೈತಿ?"